ದಿಬ್ಬಾ ಇಳಿಜಾರು

ಊರಿನ ಹೆಸರೇ ದಿಬ್ಬಾ.
ನಮ್ಮ ದಿಬ್ಬಕ್ಕೂ ಅದಕ್ಕೂ ನಂಟಿಲ್ಲ,
ಆದರೂ ಬಂದ ಹೊಸದರಲ್ಲಿ ಬೋರ್ಡು ಕಂಡು ನಕ್ಕಿದ್ದೆ:
ಕಡಲಿಗೆ ಕಾಲು ಚಾಚಿ ಮಲಗಿದ ಊರಿಗೆ
ದಿಬ್ಬವೆಂದು ಹೆಸರಿಟ್ಟವರಾರು?
ಬೋಳುಗುಡ್ಡಗಳ ಸೀಳಿಕೊಂಡು ಕ್ವಾರಿಯ ರಸ್ತೆ
ನೇರ ಇಳಿಯುತ್ತದೆ ಮೀನು ಮಾರ್ಕೆಟ್ಟಿನ ಸರ್ಕಲ್ಲಿಗೆ.

ಮಧ್ಯಾಹ್ನ ಒಂದೂವರೆ, ಶಾಲೆ ಬಿಟ್ಟ ಹೊತ್ತು.
ಸರ್ಕಲ್ಲಿನಲ್ಲಿ ಹಳದಿ ಬಸ್ಸುಗಳು ಐದೋ ಆರೋ,
ಅವುಗಳ ಬೆನ್ನಿಗೆ ನಮ್ಮ ಲೇಬರ್ ಬಸ್ಸು,
ಕೊನೆಯ ಸೀಟಿನಲ್ಲಿ ಒದ್ದೆ ಟವೆಲು ಸುತ್ತಿಕೊಂಡು ನಾನು.
ಹಿಂಗಾಜಿನಾಚೆ ರಸ್ತೆ
ಬಿಸಿಲಿಗೆ ನೀರಾಗಿ ಕುಣಿಯುತ್ತಿತ್ತು.

ಆ ನೀರೊಳಗಿಂದ ಎದ್ದು ಬಂದದ್ದು
ಪುತ್ತುಬಾವನ ಟ್ಯಾಂಕರು.
ಬೆಳಗಿಂದ ನಾಲ್ಕು ಕ್ಯಾಂಪಿನ ಗುಂಡಿ ಹೀರಿ
ಗಂಟಲ ತನಕ ತುಂಬಿಕೊಂಡು ಹೊರಟ ಗಾಡಿ,
ಕಣ್ಣಿಗಿಂತ ಮೊದಲು ಮೂಗು ಗುರುತಿಸುವ ಗಾಡಿ.

ಅವನ ಹಿಂದೆ ಜಲ್ಲಿ ಲಾರಿ.
ಒತ್ತಿದ ಹಾರನ್ನು ಬಿಡುತ್ತಿಲ್ಲ,
ಚಕ್ರದ ಬುಡದಲ್ಲಿ ಹೊಗೆ,
ಕಿಟಕಿಯಿಂದೊಂದು ಕೈ, ಕೈಯಲ್ಲಿ ಬಿಳಿ ಬಟ್ಟೆ
ಸರಿಯಿರಿ ಸರಿಯಿರಿ ಸರಿಯಿರಿ.

ಸರಿಯಬಹುದಿತ್ತು ಪುತ್ತುಬಾವ.
ಬಲಕ್ಕೆ ಒಂಟೆ ಬೇಲಿಯ ತನಕ ಬರೀ ಮರಳು.
ಸರಿಯಲಿಲ್ಲ. ನಿಲ್ಲಿಸಲೂ ಇಲ್ಲ.
ಓಡಿಸಿದ,
ನಮ್ಮ ಕಡೆಗೇ, ಇನ್ನೂ ಜೋರಾಗಿ.
ಇವನಿಗೇನು ತಲೆ ಕೆಟ್ಟಿತೇ ಎಂದೆ ನಾನು,
ಗಟ್ಟಿಯಾಗಿಯೇ ಎಂದೆ.

ಗಾರೆಯವನಿಗೆ ತಿಳಿಯಬೇಕಿತ್ತು.
ಎಸೆದ ಇಟ್ಟಿಗೆಗೆ ಕೈ ಸೆಟೆಸಿ ನಿಂತರೆ
ಹೋಗುವುದು ಬೆರಳು.
ಅದು ಹೋಗುವತ್ತ ಕೈಯೂ ಒಂದು ಗೇಣು ಹೋಗಬೇಕು,
ಹೋಗುತ್ತ ಹೋಗುತ್ತ ಹಿಡಿಯಬೇಕು.

ಸದ್ದು ಅಂಥದ್ದೇನೂ ಆಗಲಿಲ್ಲ.
ಹಟ್ಟಿಗೆ ಮರಳುವ ಎಮ್ಮೆ
ಮುಂದಿನದರ ಬೆನ್ನಿಗೆ ಮೂತಿ ಒರೆಸಿದ ಹಾಗೆ
ಲಾರಿ ಬಂದು ತಾಗಿತು ಟ್ಯಾಂಕರಿಗೆ.
ಆಮೇಲೆ ಶುರುವಾಯಿತು ನಿಜವಾದ ಕೂಗು:
ಗೇರು ಗೇರಾಗಿ ಇಳಿವ ಎಂಜಿನ್ನಿನದು,
ಡಾಂಬರಿಗೆ ಚರ್ಮ ಬಿಟ್ಟುಕೊಟ್ಟ ಟಯರಿನದು.
ಐದು ಸಾವಿರ ಗ್ಯಾಲನ್ ಹೇಲುನೀರು
ರಸ್ತೆಯ ಮೇಲೆ ಕುಕ್ಕರುಗಾಲಲ್ಲಿ ಕೂತು
ಏಳೆನೆಂದಿತು.

ನಿಂತವು ಎರಡೂ.
ಅವನ ಬಂಪರಿಗೂ ನನ್ನ ಗಾಜಿಗೂ ನಡುವೆ
ಒಬ್ಬ ಮನುಷ್ಯ ಮಲಗುವಷ್ಟು ಜಾಗ.
ಗಾಜಿನಾಚೆ ಪುತ್ತುಬಾವನ ಮುಖ,
ನನ್ನನ್ನೇ ನೋಡುತ್ತಿದೆ, ಕಾಣುತ್ತಿಲ್ಲ.

ಹಿಂದಿನ ವಾಲ್ವು ಒಡೆದಿತ್ತು.
ಸುರಿದದ್ದು ಇಳಿಜಾರು ಹಿಡಿದು
ಬಸ್ಸುಗಳ ಅಡಿಯಲ್ಲಿ ನಿಧಾನ ನಡೆಯಿತು.
ಹಳದಿ ಬಸ್ಸಿನ ಮಕ್ಕಳೆಲ್ಲ ಮೂಗು ಮುಚ್ಚಿಕೊಂಡು
ಬಿದ್ದು ಬಿದ್ದು ನಕ್ಕರು.
ಅವರಿಗೆ ತಿಳಿದದ್ದು ಇಷ್ಟೇ:
ಇವತ್ತು ರಸ್ತೆ ನಾರಿತು.

ಲಾರಿಯ ಜರ್ವಲಿ ಖಾನ್, ಸ್ವಾತ್ ಕಡೆಯವನು,
ಇಳಿದವನಿಗೆ ನಿಲ್ಲಲಾಗದೆ
ಆ ಹೊಲಸಿನಲ್ಲೇ ಕೂತು ಪುತ್ತುಬಾವನ ಮೊಣಕಾಲು ತಬ್ಬಿದ.
ಪೊಲೀಸರು ಬಂದರು, ಕೈ ಕುಲುಕಿದರು.
ಬಲದಿಯಾದವನೂ ಬಂದ, ದಂಡದ ಪುಸ್ತಕ ಹಿಡಿದು,
ರಸ್ತೆ ಕೊಳಕು ಮಾಡಿದ್ದಕ್ಕೆ ಬರೆಯಲೋ ಬಿಡಲೋ
ಗೊತ್ತಾಗದೆ ಪೆನ್ನಿನ ಮುಚ್ಚಳ ಕಚ್ಚುತ್ತ ನಿಂತ.

ರಾತ್ರಿ ರೂಮಿನಲ್ಲಿ
ಸುಪ್ರದ ಸುತ್ತ ಎಲ್ಲರೂ ಜರುಗಿ
ನಡುವೆ ಜಾಗ ಮಾಡಿದೆವು.
ಅವನು ಎಂದಿನಂತೆ ಬಾಗಿಲ ಬಳಿಯೇ ಕೂತ.
ಎರಡು ಸಲ ತೊಳೆದು ಬಂದ ಕೈ
ಖುಬ್ಬೂಸ್ ಹರಿಯಲು ಹೋಗಿ ನಡುಗಿತು.
ವಾಲ್ವಿನ ದುಡ್ಡು ಸಂಬಳದಲ್ಲಿ ಮುರೀತಾರಾ?
ಕೇಳಿದ್ದು ಅದೊಂದೇ.
ಯಾರಿಗೂ ಗೊತ್ತಿರಲಿಲ್ಲ.

ಇನ್ನೊಂದು ಮಾತು ಬರೆಯಲೇಬೇಕು.
ವಾಸನೆ ತಡೆಯಲಾರೆವು,
ಇವನನ್ನು ಬೇರೆ ರೂಮಿಗೆ ಹಾಕಿ ಎಂಬ ಅರ್ಜಿ
ಕ್ಯಾಂಪ್ ಬಾಸಿನ ಡ್ರಾಯರಿನಲ್ಲಿತ್ತು ಆ ಹೊತ್ತಿಗೆ.
ಮೂರನೆಯ ಸಹಿ ನನ್ನದು.
ಬೆಳಿಗ್ಗೆ ಹೋಗಿ ವಾಪಸು ಕೇಳೋಣ ಎಂದುಕೊಂಡು ಮಲಗಿದೆ.

ನಾಲ್ಕಕ್ಕೇ ಎದ್ದು ಹೋಗಿದ್ದ ಪುತ್ತುಬಾವ.
ಕಿಟಕಿಯಿಂದ ಬಂತು, ಅದೇ ವಾಸನೆ.
ನಾನು ಇನ್ನೂ ಹೋಗಿಲ್ಲ
ಡ್ರಾಯರಿನ ಬಳಿಗೆ.